ಬೇರೆಯಾದ ಮೇಲಿನ ಹೊಣೆ



ವಿವಾಹವೆಂಬ ಸಂಸ್ಕಾರಕ್ಕೆ ನಮ್ಮ ಮಠಮಾನ್ಯಗಳು ಕೊಟ್ಟಿರುವ ಮನ್ನಣೆ ಸಾಮಾನ್ಯವಾದುದಲ್ಲ. ಜಾತ್ರೆಯ ಕಾಲದಲ್ಲಿ ಸಾಮೂಹಿಕ ವಿವಾಹಗಳನ್ನು ಏರ್ಪಡಿಸಿ, ಬಡವ ಬಲ್ಲಿದರೆಂಬ ಭೇದವೆಣಿಸದೆ ವಧೂವರರನ್ನು ಒಂದೇ ಮಂಟಪದಲ್ಲಿ ಕುಳ್ಳಿರಿಸಿ, ಹರಸಿ ಕಳುಹಿಸುವ ಪರಿಪಾಠ ನಾಡಿನ ಅನೇಕ ಮಠಗಳಲ್ಲಿ ನಡೆದುಬಂದಿದೆ. ಕೂಡಿಸುವ ಈ ಕಾರ್ಯದಲ್ಲಿ ನಾವೆಲ್ಲರೂ ಉತ್ಸಾಹದಿಂದ ಭಾಗಿಗಳಾಗುತ್ತೇವೆ. ಆದರೆ ಕೂಡಿದವರಲ್ಲಿ ಕೆಲವರು ಕಾಲಾಂತರದಲ್ಲಿ ಅಗಲುವುದೂ ಉಂಟು. ಅಂಥವರ ವಿಷಯ ಬಂದಾಗ ನಮ್ಮಲ್ಲಿ ಹೆಚ್ಚಿನವರು ಒಂದೋ ಪಿಸುಮಾತಿನಲ್ಲಿ ಮಾತನಾಡುತ್ತೇವೆ, ಇಲ್ಲವೇ ತಪ್ಪು ಯಾರದೆಂದು ಕುಳಿತಲ್ಲಿಯೇ ತೀರ್ಪು ಕೊಟ್ಟುಬಿಡುತ್ತೇವೆ. ಅಗಲಿದ ಆ ಇಬ್ಬರು ನಾಳೆ ಹೇಗೆ ಬಾಳಬೇಕು, ಅವರ ಮಕ್ಕಳು ಯಾರ ಕೈ ಹಿಡಿದು ನಡೆಯಬೇಕು ಎಂಬ ವಿಚಾರ ಯಾರ ಬಾಯಲ್ಲೂ ಬರುವುದಿಲ್ಲ. ಈ ವಿಚಾರವನ್ನು ನಿಮ್ಮ ಮುಂದಿಡುವುದೇ ಈ ಬರಹದ ಉದ್ದೇಶ.

ಹಿಂದೆ ಇಂಥ ಜಗಳಗಳನ್ನು ಬಗೆಹರಿಸಲು ಹಿರಿಯರ ಪಂಚಾಯ್ತಿ ಇತ್ತು, ಈಗಲೂ ಇದೆ. ಎರಡೂ ಕಡೆಯ ಬೀಗರು, ಸೋದರಮಾವಂದಿರು, ಊರ ಗೌಡರು ಕಂಬಳಿ ಹಾಸಿ ಕುಳಿತು ಮಾತನಾಡುವ ಈ ಪದ್ಧತಿಯನ್ನು ಹಗುರವಾಗಿ ಕಾಣುವಂತಿಲ್ಲ. ಖರ್ಚಿಲ್ಲದೆ, ಹತ್ತು ಮಂದಿಯ ಸಾಕ್ಷಿಯಲ್ಲಿ, ಒಂದೇ ದಿನದಲ್ಲಿ ಎಷ್ಟೋ ಮನಸ್ತಾಪಗಳು ಅಲ್ಲಿ ತೊಳೆದುಹೋಗಿವೆ. ಆದರೆ ಆ ಪಂಚಾಯ್ತಿಗೆ ಬಹುಮಟ್ಟಿಗೆ ಒಂದೇ ಗುರಿ ಇರುತ್ತಿತ್ತು: ಹೆಣ್ಣುಮಗಳನ್ನು ಗಂಡನ ಮನೆಗೆ ಮರಳಿ ಕಳುಹಿಸುವುದು. ಕಳುಹಿಸಿದರೆ ಪಂಚಾಯ್ತಿ ಗೆದ್ದಿತು, ಕಳುಹಿಸಲಾಗದಿದ್ದರೆ ಸೋತಿತು. ಹೋಗಲು ಆಕೆ ಸಿದ್ಧಳಿಲ್ಲದಿದ್ದರೆ, ಅಥವಾ ಕರೆದುಕೊಳ್ಳಲು ಆತ ಸಿದ್ಧನಿಲ್ಲದಿದ್ದರೆ, ಮುಂದೇನೆಂಬ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ. ಅಂಥವರು ಕೋರ್ಟಿನ ಮೆಟ್ಟಿಲು ಹತ್ತಿ, ವರ್ಷಗಟ್ಟಲೆ ಪೇಶಿಯಿಂದ ಪೇಶಿಗೆ ಅಲೆಯುತ್ತಿದ್ದರು.

ನಮ್ಮ ಮನೆತನದಲ್ಲಿಯೇ ನಡೆದುದನ್ನು, ಸಂಬಂಧಪಟ್ಟ ಇಬ್ಬರ ಅನುಮತಿಯನ್ನೂ ಪಡೆದು, ಇಲ್ಲಿ ಹೇಳುತ್ತಿದ್ದೇನೆ. ನನ್ನ ತಮ್ಮನ ಮಗಳು ತನ್ನ ಗಂಡನಿಂದ 2021ರಲ್ಲಿ ಬೇರೆಯಾಗಿ, ಐದು ವರ್ಷದ ಗಂಡುಮಗುವಿನೊಡನೆ ಧಾರವಾಡದ ತವರಿಗೆ ಬಂದಳು. ಆತ ಹುಬ್ಬಳ್ಳಿಯಲ್ಲಿ ಉಳಿದನು. ಆತ ಕುಡುಕನಲ್ಲ, ಕೈಮಾಡಿದವನಲ್ಲ, ಈಕೆ ದುಡುಕಿನವಳಲ್ಲ. ಇಬ್ಬರೂ ಸಜ್ಜನರೇ ಆದರೂ ಕೂಡಿ ಬಾಳುವುದು ಸಾಧ್ಯವಾಗಲಿಲ್ಲ. ಆ ವರ್ಷ ನಮ್ಮ ಮನೆಯ ಪಡಸಾಲೆಯಲ್ಲಿ ಎರಡೂ ಕಡೆಯ ಹಿರಿಯರು ಕೂಡಿದರು. ನಾನೂ ಒಬ್ಬ ಕೇಳುಗನಾಗಿ ಕುಳಿತಿದ್ದೆ. ಮೂರು ತಾಸು ಹನ್ನೊಂದು ಮಂದಿ ಮಾತನಾಡಿದರು. ಯಾರ ಬಾಳಿನ ಮಾತು ನಡೆದಿತ್ತೋ ಆ ಹುಡುಗಿ ಆಡಿದ್ದು ನಾಲ್ಕು ವಾಕ್ಯಗಳನ್ನು ಮಾತ್ರ. ಆ ಹುಡುಗನು ಅಷ್ಟನ್ನೂ ಆಡಲಿಲ್ಲ. ಕೊನೆಗೆ ಮಾತು ಹದಗೆಟ್ಟು, ಕೊಟ್ಟ ಬಂಗಾರ, ತಂದ ಪಾತ್ರೆ, ಮದುವೆಯ ಖರ್ಚು ಇವುಗಳ ಲೆಕ್ಕಕ್ಕೆ ಇಳಿಯಿತು. ಎದ್ದು ಹೋಗುವಾಗ ನನ್ನ ತಮ್ಮ, “ಎರಡೆಕರೆ ಹೊಲ ಮಾರಿಯಾದರೂ ಕೇಸು ನಡಸ್ತೀನಿ” ಎಂದು ಬೀಗರ ಮುಂದೆಯೇ ನುಡಿದನು. ಆ ಹೊಲ ನಮ್ಮ ತಂದೆಯವರು ದುಡಿದು ಗಳಿಸಿದ್ದು. ಅವನ ಮನೆಯ ಅನ್ನ ಬೆಳೆಯುತ್ತಿದ್ದುದು ಅದರಲ್ಲಿಯೇ.

ವಾಚಕರೇ, ದಂಪತಿಗಳು ಬೇರೆಯಾದ ಮಾತ್ರಕ್ಕೆ ಅವರ ನಡುವಣ ವ್ಯವಹಾರ ಮುಗಿಯುವುದಿಲ್ಲ. ಎಷ್ಟೋ ವ್ಯವಹಾರ ಅಲ್ಲಿಂದಲೇ ಆರಂಭವಾಗುತ್ತದೆ. ಮಗು ಯಾರಲ್ಲಿರಬೇಕು, ಇನ್ನೊಬ್ಬರು ಅದನ್ನು ಯಾವಾಗ ಕಾಣಬೇಕು, ಶಾಲೆಯ ಶುಲ್ಕ ಯಾರು ಕಟ್ಟಬೇಕು, ಜೀವನಾಂಶವೆಷ್ಟು, ಸ್ತ್ರೀಧನ ಎಲ್ಲಿದೆ, ಇಬ್ಬರೂ ಸೇರಿ ಮನೆಗೆ ಮಾಡಿದ ಸಾಲವನ್ನು ಯಾರು ತೀರಿಸಬೇಕು ಎಂಬ ಪ್ರಶ್ನೆಗಳು ಒಂದೊಂದಾಗಿ ಏಳುತ್ತವೆ. ನ್ಯಾಯಾಲಯಕ್ಕೆ ಹೋದರೆ ಇವುಗಳಲ್ಲಿ ಒಂದೊಂದೂ ಒಂದೊಂದು ಪ್ರಕರಣವಾಗಿ ನಿಲ್ಲಬಹುದು. ಪ್ರಕರಣವೆಂದರೆ ಆಪಾದನೆ ಬೇಕು. ಆಪಾದನೆಗೆ ಪ್ರತಿ ಆಪಾದನೆ ಬರುತ್ತದೆ. ಒಂದು ಕಾಲಕ್ಕೆ ಒಂದೇ ತಾಟಿನಲ್ಲಿ ಉಂಡವರು ಒಬ್ಬರ ಮೇಲೊಬ್ಬರು ಬರೆಸಿದ ಮಾತುಗಳು ಕಾಗದದ ಮೇಲೆ ಶಾಶ್ವತವಾಗಿ ಉಳಿದು, ಮುಂದೆ ಬೆಳೆದ ಮಗನ ಕಣ್ಣಿಗೂ ಬೀಳಬಹುದು.

ಕಾನೂನು ಈ ಸಂಕಟವನ್ನು ಅರಿಯದೆ ಇಲ್ಲ. 1955ರ ಹಿಂದೂ ವಿವಾಹ ಅಧಿನಿಯಮವು ತಾನು ಯಾರಿಗೆ ಅನ್ವಯಿಸುತ್ತದೆಂಬುದನ್ನು ತಿಳಿಸುವಾಗ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಎತ್ತಿಯೇ ಹೇಳಿದೆಯಾದ್ದರಿಂದ, ಇದು ನಮಗೆ ನೇರವಾಗಿ ಸಂಬಂಧಿಸಿದ ಮಾತು. 1976ರ ತಿದ್ದುಪಡಿಯಿಂದ ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಈ ಅಧಿನಿಯಮದಲ್ಲಿ ಎಡೆ ದೊರೆಯಿತು. ಒಂದು ವರ್ಷ ಬೇರೆಯಾಗಿದ್ದವರು ಒಬ್ಬರ ಮೇಲೊಬ್ಬರು ದೋಷ ಹೊರಿಸದೆ ಕೂಡಿಯೇ ಅರ್ಜಿ ಸಲ್ಲಿಸಬಹುದು. ಆ ಮೇಲೆ ಕಾಯಬೇಕಾದ ಆರು ತಿಂಗಳ ಅವಧಿಯನ್ನು, ಮಕ್ಕಳ ಮತ್ತು ಜೀವನಾಂಶದ ವಿಷಯಗಳೆಲ್ಲ ಮನಃಪೂರ್ವಕವಾಗಿ ಇತ್ಯರ್ಥವಾಗಿದ್ದು, ಮತ್ತೆ ಕೂಡುವ ಸಂಭವವೇ ಇಲ್ಲದಿದ್ದಲ್ಲಿ, ನ್ಯಾಯಾಲಯವು ಬಿಟ್ಟುಕೊಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಹೇಳಿತು. 1984ರ ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮವು, ತೀರ್ಪು ಕೊಡುವುದಕ್ಕೆ ಮೊದಲು ರಾಜಿಗೆ ಪ್ರಯತ್ನಿಸುವುದನ್ನು ನ್ಯಾಯಾಧೀಶರ ಕರ್ತವ್ಯವನ್ನಾಗಿಯೇ ಮಾಡಿದೆ. ವ್ಯಾಜ್ಯಗಳನ್ನು ಮಧ್ಯಸ್ಥಿಕೆಗೆ ಒಪ್ಪಿಸುವ ಅವಕಾಶ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮಿನ ಮೂಲಕ 2002ರಿಂದ ಜಾರಿಗೆ ಬಂದಿತು. ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಲ್ಲಿ ಆರಂಭವಾಯಿತು. ಅನಂತರ ಜಿಲ್ಲಾ ಕೇಂದ್ರಗಳಿಗೂ ಈ ವ್ಯವಸ್ಥೆ ಹಬ್ಬಿತು. ದಾಂಪತ್ಯದ ವ್ಯಾಜ್ಯಗಳಲ್ಲಿ ಮಧ್ಯಸ್ಥಿಕೆಯ ದಾರಿಯನ್ನು ತಪ್ಪದೆ ಪ್ರಯತ್ನಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಒತ್ತಿ ಹೇಳಿತು. 2023ರಲ್ಲಿ ಸಂಸತ್ತು ಮಧ್ಯಸ್ಥಿಕೆಗೆಂದೇ ಪ್ರತ್ಯೇಕವಾದ ಅಧಿನಿಯಮವೊಂದನ್ನು ಅಂಗೀಕರಿಸಿತು.

ಮಧ್ಯಸ್ಥಿಕೆಯೆಂದರೆ ಪಂಚಾಯ್ತಿಯ ಇನ್ನೊಂದು ಹೆಸರೆಂದು ತಿಳಿಯಬಾರದು. ಅದರ ನಡೆಯೇ ಬೇರೆ. ತರಬೇತಿ ಹೊಂದಿದ ಮಧ್ಯಸ್ಥರೊಬ್ಬರು, ಹೆಚ್ಚಾಗಿ ಅನುಭವಿ ವಕೀಲರು, ಇಬ್ಬರನ್ನೂ ಒಂದು ಮೇಜಿನ ಸುತ್ತ ಕುಳ್ಳಿರಿಸಿ ಮೊದಲು ನಿಯಮಗಳನ್ನು ತಿಳಿಸುತ್ತಾರೆ. ಬಳಿಕ ಒಬ್ಬೊಬ್ಬರ ಮಾತನ್ನೂ ಪ್ರತ್ಯೇಕವಾಗಿ ಕೇಳುತ್ತಾರೆ. ಆಗ ಹೇಳಿದ್ದನ್ನು, ಹೇಳಿದವರ ಒಪ್ಪಿಗೆಯಿಲ್ಲದೆ, ಇನ್ನೊಬ್ಬರಿಗೆ ತಿಳಿಸುವುದಿಲ್ಲ. ಅವರು ತೀರ್ಪು ಕೊಡುವುದಿಲ್ಲ. ಯಾರದು ಸರಿ, ಯಾರದು ತಪ್ಪೆಂದು ಹೇಳುವುದೂ ಇಲ್ಲ. ಒಪ್ಪಂದವಾದರೆ ಅದನ್ನು ಬರೆದು, ಇಬ್ಬರ ಸಹಿ ಪಡೆದು ನ್ಯಾಯಾಲಯಕ್ಕೆ ಕಳುಹಿಸುತ್ತಾರೆ. ನ್ಯಾಯಾಧೀಶರು ಅದನ್ನು ಓದಿ, ಸ್ವಂತ ಇಚ್ಛೆಯಿಂದಲೇ ಒಪ್ಪಿದ್ದೀರಾ ಎಂದು ಇಬ್ಬರನ್ನೂ ಕೇಳಿ, ಅದರಂತೆ ಆದೇಶ ಮಾಡುತ್ತಾರೆ. ಒಪ್ಪಂದವಾಗದಿದ್ದರೆ ಆಗಲಿಲ್ಲವೆಂದಷ್ಟೇ ವರದಿ ಹೋಗುತ್ತದೆ. ಅದಕ್ಕೆ ಕಾರಣ ಯಾರೆಂದು ಬರೆಯುವುದಿಲ್ಲ. ಒಳಗೆ ಆಡಿದ ಮಾತನ್ನು ಮುಂದೆ ಸಾಕ್ಷ್ಯವಾಗಿ ಬಳಸುವಂತೆಯೂ ಇಲ್ಲ. ನ್ಯಾಯಾಲಯದ ಕೇಂದ್ರಗಳಲ್ಲಿ ಇದಕ್ಕಾಗಿ ಪಕ್ಷಕಾರರು ಶುಲ್ಕ ತೆರಬೇಕಾಗಿಲ್ಲ.

ನಮ್ಮ ಹುಡುಗಿಯ ಪ್ರಕರಣ 2023ರಲ್ಲಿ ಹೀಗೆ ಮಧ್ಯಸ್ಥಿಕೆಗೆ ಹೋಯಿತು. ಮೊದಲ ದಿನ ಎರಡೂ ಕಡೆಯಿಂದ ಏಳೆಂಟು ಜನ ಹಿರಿಯರು ಹೋಗಿದ್ದೆವು. ಮಧ್ಯಸ್ಥರಾಗಿದ್ದ ಹೆಣ್ಣುಮಗಳು ವಿನಯದಿಂದ ಕೈಮುಗಿದು, “ತಾವೆಲ್ಲರೂ ದಯವಿಟ್ಟು ಹೊರಗೆ ಕುಳಿತಿರಬೇಕು, ಬೇಕಾದಾಗ ಕರೆಯುತ್ತೇನೆ” ಎಂದರು. ನಮ್ಮಲ್ಲಿ ಕೆಲವರ ಮುಖ ಸಿಟ್ಟಿನಿಂದ ಕೆಂಪಾಯಿತು. ಮಗಳನ್ನು ಹೆತ್ತವನನ್ನೇ ಹೊರಗೆ ಕುಳ್ಳಿರಿಸುವ ನ್ಯಾಯವೆಂಥದೆಂದು ನನ್ನ ತಮ್ಮ ಗೊಣಗಿದನು. ಆ ಹೊತ್ತು ಹುಡುಗಿ ಒಳಗೆ ಒಂದು ತಾಸಿಗೂ ಮೇಲೆ ಮಾತನಾಡಿದಳು. ಅನಂತರ ಹುಡುಗನೂ ಅಷ್ಟೇ ಹೊತ್ತು ಮಾತನಾಡಿದನು. ಎರಡು ವರ್ಷಗಳಲ್ಲಿ ಅವರಿಬ್ಬರ ಮಾತನ್ನು ಯಾರೂ ತಡೆಯದೆ, ಯಾರೂ ತಿದ್ದದೆ, ಪೂರ್ಣವಾಗಿ ಕೇಳಿದ್ದು ಅದೇ ಮೊದಲೆಂಬುದನ್ನು ಬಾಂಕಿನ ಮೇಲೆ ಕುಳಿತಿದ್ದ ನಾವೆಲ್ಲ ಲೆಕ್ಕ ಹಾಕಿ ನೋಡಬಹುದಾಗಿತ್ತು. ಅಲ್ಲಿ ಏನೇನು ಮಾತಾಯಿತೆಂಬುದು ನನಗೂ ತಿಳಿಯದು, ತಿಳಿಯಬೇಕಾದುದೂ ಇಲ್ಲ. ನಾಲ್ಕು ಸಲ ಕೂಡಿದ ಮೇಲೆ ಆದ ಒಪ್ಪಂದವನ್ನಷ್ಟೇ ಹೇಳುತ್ತೇನೆ.

ಮಗು ಶಾಲೆಯ ದಿನಗಳಲ್ಲಿ ತಾಯಿಯ ಬಳಿ ಧಾರವಾಡದಲ್ಲಿರುವುದು. ಎರಡನೆಯ ಮತ್ತು ನಾಲ್ಕನೆಯ ಶನಿವಾರ, ಭಾನುವಾರ ತಂದೆಯ ಬಳಿ ಹುಬ್ಬಳ್ಳಿಯಲ್ಲಿರುವುದು. ಬೇಸಿಗೆಯ ರಜೆಯಲ್ಲಿ ಅರ್ಧ ಇಲ್ಲಿ, ಅರ್ಧ ಅಲ್ಲಿ. ತಂದೆಯು ಪ್ರತಿ ತಿಂಗಳು 5ನೆಯ ತಾರೀಖಿನೊಳಗೆ 9,000 ರೂಪಾಯಿಗಳನ್ನು ಬ್ಯಾಂಕಿಗೆ ಜಮಾ ಮಾಡುವುದು. ವರ್ಷಕ್ಕೊಮ್ಮೆ ಅದನ್ನು ನೂರಕ್ಕೆ ಹತ್ತರಂತೆ ಹೆಚ್ಚಿಸುವುದು. ಶಾಲೆಯ ಶುಲ್ಕದಲ್ಲಿ ಅರ್ಧ ಕೊಡುವುದು. ಮನೆಯ ಸಾಲವನ್ನು ಆತನೇ ತೀರಿಸುವುದು. ಮನೆಗಾಗಿ ಆಕೆ ಹಾಕಿದ್ದ 4 ಲಕ್ಷ ರೂಪಾಯಿಗಳನ್ನು ಎರಡು ಕಂತುಗಳಲ್ಲಿ ಮರಳಿಸುವುದು. 12 ತೊಲ ಬಂಗಾರವನ್ನು ಪಟ್ಟಿಯ ಪ್ರಕಾರ ತೂಗಿ ಒಪ್ಪಿಸುವುದು. ಸ್ತ್ರೀಧನವು ಹೆಣ್ಣಿನ ಸಂಪೂರ್ಣ ಸ್ವಂತ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ 1985ರಲ್ಲಿಯೇ ಸ್ಪಷ್ಟಪಡಿಸಿರುವುದರಿಂದ ಬಂಗಾರದ ವಿಷಯದಲ್ಲಿ ಹೆಚ್ಚು ಚರ್ಚೆಗೆ ಆಸ್ಪದವಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿದದ್ದು ಒಂದು ಬೆಳ್ಳಿಯ ಕರಡಿಗೆಯ ಮಾತು. ಮಗುವಿಗೆ ಲಿಂಗಧಾರಣೆಯಾದಾಗ ತಂದೆಯ ತಾಯಿ ಮಾಡಿಸಿ ಕೊಟ್ಟ ಕರಡಿಗೆಯದು. ತಾಯಿ ಅದನ್ನು ತವರಿಗೆ ತಂದಿದ್ದಳು. ಮರಳಿ ಕೊಡಬೇಕೆಂದು ಆ ಮನೆಯವರು ಹಟ ಹಿಡಿದಿದ್ದರು. ಎರಡು ಸಲ ಕೂಡಿದರೂ ಇತ್ಯರ್ಥವಾಗದ ಈ ವಿಷಯಕ್ಕೆ ಒಪ್ಪಂದದಲ್ಲಿ ಒಂದೇ ಸಾಲು ಬರೆಯಲ್ಪಟ್ಟಿತು: ಕರಡಿಗೆಯು ಮಗುವಿನದು, ಮಗು ಇರುವಲ್ಲಿ ಅದು ಇರತಕ್ಕದ್ದು. ಆ ಸಾಲಿನೊಡನೆ ಇನ್ನೊಂದು ಸಾಲೂ ಸೇರಿತು: ಪ್ರತಿದಿನ ಸಂಜೆ 7 ಗಂಟೆಗೆ ಮಗು ಆ ಅಜ್ಜಿಯೊಡನೆ ಫೋನಿನಲ್ಲಿ ಮಾತನಾಡತಕ್ಕದ್ದು. ಮುದುಕಿಗೆ ಬೆಳ್ಳಿಗಿಂತ ಮೊಮ್ಮಗ ಕೈಬಿಡುವನೆಂಬ ಭಯವೇ ದೊಡ್ಡದಾಗಿತ್ತೆಂದು ಈಗ ಊಹಿಸಬಹುದು. ಇಂಥ ಸಾಲನ್ನು ಯಾರಾದರೂ ಅರ್ಜಿಯಲ್ಲಿ ಬೇಡಿಕೆಯಾಗಿ ಬರೆಯುತ್ತಿದ್ದರೇ? ತೀರ್ಪಿನಲ್ಲಿ ಅದು ಬರುವುದುಂಟೇ?

ಅಗಲಿದವರ ಮಕ್ಕಳ ಮನಸ್ಸಿನಲ್ಲಿ ಏನು ನಡೆಯುತ್ತದೆಂಬುದಕ್ಕೆ ಒಂದು ಮಾತು. ಪ್ರಕರಣ ನಡೆದಿದ್ದ ಕಾಲದಲ್ಲಿ ಆ ಹುಡುಗ ನನ್ನನ್ನು ಒಮ್ಮೆ, “ಅಜ್ಜಾ, ಬಸವ ಜಯಂತಿಗೆ ನಾ ಯಾರ ಮನ್ಯಾಗ ಇರಬೇಕು?” ಎಂದು ಕೇಳಿದ್ದ. ದೊಡ್ಡವರೆಲ್ಲರೂ ಹೊಲ, ಬಂಗಾರ, ಮರ್ಯಾದೆಗಳ ಲೆಕ್ಕದಲ್ಲಿದ್ದಾಗ ಆತನಿಗಿದ್ದ ಚಿಂತೆ ಇದೊಂದೇ. ಒಪ್ಪಂದ ಪತ್ರದಲ್ಲಿ ಇದಕ್ಕೂ ಉತ್ತರ ದೊರೆಯಿತು: ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ.

ಒಪ್ಪಂದದ ಬಳಿಕ ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ನಾನು ಹೇಳಲಾರೆ. 2024ರಲ್ಲಿ ಎರಡು ತಿಂಗಳು ಹಣ ಬರಲಿಲ್ಲ. ಮಾತು ಮತ್ತೆ ಬಿಸಿಯೇರಿತು. ಆದರೆ ಒಪ್ಪಂದವು ನ್ಯಾಯಾಲಯದ ಆದೇಶದೊಡನೆ ಸೇರಿದ್ದರಿಂದ ಹೊಸದಾಗಿ ದಾವೆ ಹೂಡಬೇಕಾದ ಪ್ರಮೇಯವಿರಲಿಲ್ಲ. ಅದನ್ನು ಜಾರಿ ಮಾಡಿಸಲು ದಾರಿಯಿತ್ತು. ಆ ದಾರಿಯಿದೆಯೆಂಬುದು ಇಬ್ಬರಿಗೂ ತಿಳಿದಿದ್ದುದರಿಂದ, ತಾವೇ ಕುಳಿತು ಮಾತನಾಡಿ, ಬಾಕಿಯನ್ನು ಮೂರು ಕಂತುಗಳಲ್ಲಿ ತೀರಿಸುವಂತೆ ಗೊತ್ತುಮಾಡಿಕೊಂಡರು. ಆಗ ಹಿರಿಯರನ್ನು ಯಾರೂ ಕರೆಯಲಿಲ್ಲ. ಜಗಳವಾಡದೆ ಮಾತನಾಡುವ ಅಭ್ಯಾಸವೊಂದು ಆ ನಾಲ್ಕು ಭೇಟಿಗಳಲ್ಲಿ ಅವರಿಗೆ ಉಂಟಾಗಿತ್ತೆಂದೇ ನಾನು ತಿಳಿಯುತ್ತೇನೆ. ನನ್ನ ತಮ್ಮನ ಎರಡೆಕರೆ ಹೊಲ ಈಗಲೂ ಅವನಲ್ಲಿಯೇ ಇದೆ.

ಆದರೂ ಮಧ್ಯಸ್ಥಿಕೆ ಎಲ್ಲ ಬೇನೆಗೂ ಮದ್ದಲ್ಲವೆಂಬ ಎಚ್ಚರ ನಮಗಿರಬೇಕು. ಹೊಡೆತ ಬಡಿತವಿರುವಲ್ಲಿ, ಪ್ರಾಣಭಯವಿರುವಲ್ಲಿ, ರಾಜಿಯ ಮಾತಿಗಿಂತ ಮೊದಲು ರಕ್ಷಣೆ ಬೇಕು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಅಧಿನಿಯಮ ಇರುವುದು ಅದಕ್ಕಾಗಿಯೇ. ಅಂಜಿ ಕುಳಿತ ಹೆಣ್ಣುಮಗಳನ್ನು ಅಂಜಿಸಿದವನ ಎದುರಿಗೆ ಕುಳ್ಳಿರಿಸಿ ಒಪ್ಪಿಕೊಳ್ಳೆಂದರೆ ಅದು ಸಂಧಾನವಾಗದು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ತಮ್ಮ ವಕೀಲರಿಗೆ ತೋರಿಸುವುದು ಇಬ್ಬರಿಗೂ ಕ್ಷೇಮ. ವಕೀಲರನ್ನಿಡುವ ಶಕ್ತಿಯಿಲ್ಲವೆಂದು ಕೊರಗಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ ಅವರ ಆದಾಯವೆಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಇನ್ನು ಮಗುವಿನ ವಿಷಯ: ತಂದೆ ತಾಯಿಗಳು ಏನೇ ಬರೆದುಕೊಂಡರೂ ನ್ಯಾಯಾಲಯಕ್ಕೆ ಮಗುವಿನ ಹಿತವೇ ಪರಮ. ಮಗುವಿನ ಜೀವನಾಂಶವನ್ನು ಬಿಟ್ಟುಕೊಡುವ ಅಧಿಕಾರ ಹೆತ್ತವರಿಬ್ಬರಿಗೂ ಇಲ್ಲ. ಮಗು ಬೆಳೆದಂತೆ ವ್ಯವಸ್ಥೆಯನ್ನು ಮಾರ್ಪಡಿಸಬೇಕಾಗಿ ಬಂದರೆ ಮತ್ತೆ ನ್ಯಾಯಾಲಯವನ್ನು ಕೇಳಿಕೊಳ್ಳಬಹುದು.

ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಮಠದ ಪ್ರಸಾದ ನಿಲಯಗಳಲ್ಲಿ ಉಂಡು, ಓದಿ, ಬಾಳಿನಲ್ಲಿ ಒಂದು ನೆಲೆ ಕಂಡವರು. ಊರಲ್ಲಿ ನಮ್ಮ ಮಾತಿಗೆ ತೂಕವಿದೆ. ಜಗಳ ಬಂದಾಗ ಜನ ನಮ್ಮ ಮನೆಯ ಬಾಗಿಲಿಗೆ ಬರುತ್ತಾರೆ. ವ್ಯಾಜ್ಯಗಳನ್ನು ಮಾತಿನಿಂದ ಬಗೆಹರಿಸುವ ಪರಂಪರೆ ನಮ್ಮ ಮಠಗಳಿಗೂ ಹೊಸದಲ್ಲ. ಸಿರಿಗೆರೆಯ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠಕ್ಕೆ ಜನ ತಮ್ಮ ಸಂಕಟಗಳನ್ನು ಹೊತ್ತು ಹೋಗುವುದನ್ನು ನಾಡು ಬಲ್ಲದು. ಇನ್ನೂ ಹಿಂದಕ್ಕೆ ಹೋದರೆ, ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಹೆಣ್ಣು ಗಂಡೆಂಬ ಭೇದವಿಲ್ಲದೆ ಕೂಡಿ ಕುಳಿತು ವಿಚಾರ ಮಾಡಿದರು. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳು, ಆತ ಕೇಳಿದನು. ಹೆಂಡತಿಯ ಮಾತನ್ನು ಗಂಡನು ಕೊನೆಯವರೆಗೆ ಕೇಳುವ ಮನೆ ನಮ್ಮ ಪರಂಪರೆಯಲ್ಲಿ ಆದರ್ಶವೆನಿಸಿದೆ. ಕೂಡಿದ್ದಾಗ ಸಲ್ಲುವ ಈ ಗೌರವ ಬೇರೆಯಾದ ಮೇಲೆ ಸಲ್ಲಬಾರದೆಂದು ಯಾವ ಶರಣರೂ ಹೇಳಿಲ್ಲ.

ಹಾಗಾದರೆ ಹಿರಿಯರಾದ ನಮ್ಮ ಕರ್ತವ್ಯವೇನು? ಬಾಗಿಲಿಗೆ ಬಂದವರನ್ನು ಮೊದಲು ಒಬ್ಬೊಬ್ಬರನ್ನಾಗಿ ಕೂಡ್ರಿಸಿ, ಅವರ ಮಾತನ್ನು ಪೂರ್ತಿಯಾಗಿ ಕೇಳುವುದು. ಕೂಡಿ ಬಾಳುವ ಆಸೆ ಇಬ್ಬರಲ್ಲೂ ಎಳ್ಳಷ್ಟಾದರೂ ಇದ್ದರೆ ಅದಕ್ಕೆ ನೀರೆರೆಯುವುದು. ಇಲ್ಲವೆಂದು ಖಚಿತವಾದರೆ ಬಲವಂತ ಮಾಡದೆ, ತಾಲ್ಲೂಕಿನ ಅಥವಾ ಜಿಲ್ಲೆಯ ಕಾನೂನು ಸೇವೆಗಳ ಕಚೇರಿಗೆ ದಾರಿ ತೋರುವುದು. ಕೇಳಿದ ಮಾತನ್ನು ಮದುವೆ ಮುಂಜಿಗಳ ಪಂಕ್ತಿಯಲ್ಲಿ ಹರಡದಿರುವುದು. ಅಗಲಿದ ಎರಡು ಮನೆಗಳಲ್ಲಿ ಯಾವುದೊಂದನ್ನೂ ಶುಭಕಾರ್ಯಗಳಿಂದ ಹೊರಗಿಡದಿರುವುದು. ಮಗುವಿನ ಕಿವಿಗೆ ಬೀಳುವಂತೆ ಅದರ ತಂದೆಯನ್ನಾಗಲಿ ತಾಯಿಯನ್ನಾಗಲಿ ಹಳಿಯದಿರುವುದು. ಇವುಗಳಲ್ಲಿ ಹಣ ಬೇಡುವ ಕೆಲಸ ಒಂದೂ ಇಲ್ಲ.

ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರಾದವರೂ, ನಿವೃತ್ತ ನ್ಯಾಯಾಧೀಶರೂ, ಶಿಕ್ಷಕಿಯರೂ ಇದ್ದಾರೆ. ಅವರಲ್ಲಿ ಕೆಲವರು ಮಧ್ಯಸ್ಥಿಕೆಯ ತರಬೇತಿ ಪಡೆದು, ತಿಂಗಳಿಗೊಂದು ದಿನವನ್ನು ಈ ಕಾರ್ಯಕ್ಕೆ ಮೀಸಲಿಟ್ಟರೆ ಅದು ದಾಸೋಹವೇ ಆದೀತು. ಅನ್ನದ ಹಸಿವಿನಷ್ಟೇ ತೀವ್ರವಾದುದು ತನ್ನ ಮಾತನ್ನು ಒಬ್ಬರಾದರೂ ಕೇಳಲೆಂಬ ಹಸಿವು. ಸಾಮೂಹಿಕ ವಿವಾಹದ ಮಂಟಪದಲ್ಲಿ ಅಕ್ಷತೆ ಹಾಕಿದ ಕೈಗಳು, ಆ ಮಂಟಪದಿಂದ ಹೊರಟ ದಾರಿಗಳು ಎರಡಾದಾಗಲೂ ಇಬ್ಬರ ಬೆನ್ನ ಮೇಲೂ ಇರಲಿ. ಈ ವಿಷಯವನ್ನು ನಿಮ್ಮ ನಿಮ್ಮ ಊರಿನ ಬಳಗದ ಸಭೆಗಳಲ್ಲಿ ಚರ್ಚೆಗೆ ಎತ್ತಿಕೊಳ್ಳಬೇಕೆಂದು ವಿನಂತಿಸಿಕೊಳ್ಳುತ್ತೇನೆ.